7,400 ರೂಪಾಯಿ ಬಾಕಿ 61,200 ಆದ ಬಗೆ: ಮನೆಯಿಂದ ಬರೆದುಕೊಡುವವರಿಗೆ ಒಂದು ಎಚ್ಚರಿಕೆ

ಕಳೆದ ವಾರ ನಮ್ಮ ಜಿಲ್ಲೆಯ ಬರಹಗಾರರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಒಂದು ಸಂದೇಶ ಹಂಚಿಕೊಂಡಿದ್ದರು: ಪ್ರವಾಸಿ ತಾಣಗಳ ಕುರಿತು ಕನ್ನಡದಲ್ಲಿ ಬರೆಯುವವರು ಬೇಕು, ಪದಕ್ಕೆ ಒಂದು ರೂಪಾಯಿ, ಬಿಲ್ಲು ಕೊಟ್ಟ ಹತ್ತು ದಿನಗಳಲ್ಲಿ ಹಣ. ನನಗೆ ಹಿಂದೆ ಕೆಲಸ ಕೊಟ್ಟವರು ಹೇಳಿದ್ದ ಮಾತು ಅದೇ, ದರ ಅದೇ, ಕೆಳಗಿದ್ದ ಫೋನ್ ಸಂಖ್ಯೆಯೂ ಅದೇ. ಬೆಂಗಳೂರಿನ ಆ ಸಂಸ್ಥೆಯಿಂದ ನನಗೆ ಇನ್ನೂ 41,200 ರೂಪಾಯಿ ಬರಬೇಕಿದೆ. ಹೆಸರು ಬರೆಯಬೇಡಿ ಎಂದು ವಕೀಲರು ಹೇಳಿರುವುದರಿಂದ ಬರೆಯುತ್ತಿಲ್ಲ. ಬಾಕಿ ಬೆಳೆದ ಬಗೆಯನ್ನು ಹೇಳಲು ಅಡ್ಡಿಯಿಲ್ಲ.

ನನ್ನ ಮನೆ ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿಯ ಕಡೆ. 2023ರ ಫೆಬ್ರುವರಿಯಲ್ಲಿ ಅವರಿಗೆ ಬರೆಯಲಾರಂಭಿಸಿದೆ. ಮೊದಲ ಮೂರು ತಿಂಗಳ ಹಣ ಹೇಳಿದ ದಿನಕ್ಕಿಂತ ಮುಂಚೆಯೇ ಬಂದುದರಿಂದ, ಒಪ್ಪಂದದ ಪತ್ರ ಕೇಳಬೇಕೆಂದು ನನಗೂ ಅನಿಸಲಿಲ್ಲ, ಅವರೂ ಕೊಡಲಿಲ್ಲ. ಮೇ ತಿಂಗಳ 14,800 ರೂಪಾಯಿಯ ಬಿಲ್ಲಿಗೆ ಅರ್ಧ ಮಾತ್ರ ಬಂತು. ಉಳಿದ 7,400 ರೂಪಾಯಿಯನ್ನು ಮುಂದಿನ ಬಿಲ್ಲಿನ ಜೊತೆ ಹಾಕುವುದಾಗಿ ಹೇಳಿದರು. ಜೂನ್ ಬಿಲ್ಲಿನ 12,600 ರೂಪಾಯಿಯಲ್ಲಿ ಒಂದು ಪೈಸೆಯೂ ಬರಲಿಲ್ಲ. ನಿಲ್ಲಿಸಬೇಕಾದದ್ದು ಅಲ್ಲಿ. ನಾನು ನಿಲ್ಲಿಸಲಿಲ್ಲ.

ಜುಲೈಯಲ್ಲಿ ಮಳೆಗಾಲದ ಮಲ್ಲಳ್ಳಿ ಜಲಪಾತದ ಬಗ್ಗೆ ತುರ್ತಾಗಿ ಬೇಕೆಂದರು. ಮನೆಯಲ್ಲೇ ಕುಳಿತು ಬರೆಯಬಹುದಿತ್ತು, ಆದರೂ ಕುಮಾರಧಾರೆ ತುಂಬಿ ಬೀಳುವುದನ್ನು ಕಣ್ಣಾರೆ ನೋಡದೆ ಬರೆಯಲು ಮನಸ್ಸು ಒಪ್ಪದೆ, ಪಾಚಿಗಟ್ಟಿದ ಮೆಟ್ಟಿಲಿಳಿದು, ಕಾಲುಚೀಲದೊಳಗೆ ಸೇರಿದ್ದ ನಾಲ್ಕು ಜಿಗಣೆಗಳೊಂದಿಗೆ ವಾಪಸಾದೆ. ಊರಿನಲ್ಲಿ ಮೂರು ದಿನದಿಂದ ಕರೆಂಟ್ ಇರಲಿಲ್ಲ. ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೋಮವಾರಪೇಟೆಗೆ ಒಯ್ದು, ಪರಿಚಯದವರ ಅಂಗಡಿಯ ಜನರೇಟರಿನಲ್ಲಿ ಚಾರ್ಜ್ ಮಾಡಿಕೊಂಡು ಬರಹ ಮುಗಿಸಿ ಕಳುಹಿಸಿದೆ. ಅದೇ ಸಂಜೆ ಅದು ಪ್ರಕಟವಾಯಿತು. ನನಗೆ ಬಂದ ಉತ್ತರ: ‘ಚೆನ್ನಾಗಿದೆ, ಇಂಥದೇ ಇನ್ನೆರಡು ಕಳಿಸಿ.’ ಹಣದ ಬಗ್ಗೆ ಅದಕ್ಕೂ ಮೊದಲು ಕಳುಹಿಸಿದ್ದ ಸಂದೇಶಕ್ಕೆ ನೀಲಿ ಗೆರೆ ಬಿದ್ದಿತ್ತು, ಉತ್ತರ ಬಂದಿರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಬಾಕಿ 42,400 ರೂಪಾಯಿಗೆ ಏರಿತು. ಅಕ್ಟೋಬರಿನಲ್ಲಿ, ತಲಕಾವೇರಿಯ ತುಲಾ ಸಂಕ್ರಮಣ ಹತ್ತಿರ ಬರುತ್ತಿದ್ದಂತೆ, ಆರು ಬರಹ ಕೊಟ್ಟರೆ ಹಳೆಯದನ್ನೂ ಸೇರಿಸಿ ಒಟ್ಟಿಗೆ ಹಾಕುವುದಾಗಿ ಫೋನ್ ಮಾಡಿದರು. ಈಗ ಬಿಟ್ಟರೆ ಹಿಂದಿನದೆಲ್ಲ ಮುಳುಗೀತೆಂಬ ಭಯವೊಂದೇ ನನ್ನಿಂದ ಆ ಆರನ್ನೂ ಬರೆಸಿತು. ಹಾಗೆ 18,800 ಸೇರಿ 61,200 ಆಯಿತು. ನಮ್ಮಪ್ಪ ಕಾಫಿ ಮಾರುವಾಗ, ಮೊದಲ ಲೋಡಿನ ಹಣ ಕೈಸೇರದೆ ಎರಡನೆಯ ಲೋಡಿಗೆ ಗೇಟು ತೆಗೆದವರಲ್ಲ. ಅದನ್ನು ನೋಡುತ್ತಲೇ ಬೆಳೆದ ನನಗೆ, ನನ್ನ ಬರಹವೂ ಒಂದು ಲೋಡೆಂದು ಏಕೆ ಹೊಳೆಯಲಿಲ್ಲವೋ ತಿಳಿಯದು.

ಕಣ್ಣು ತೆರೆಸಿದವರು ಸುಂಟಿಕೊಪ್ಪದ ಅಕ್ಕ ಒಬ್ಬರು. ಅವರೂ ಅದೇ ಸಂಸ್ಥೆಗೆ ಬರೆದಿದ್ದರೆಂದು ಮಾತಿನ ನಡುವೆ ತಿಳಿಯಿತು. ಅವರಿಗೂ ಮೊದಲ ಮೂರು ತಿಂಗಳು ಸರಿಯಾಗಿ ಹಣ, ನಾಲ್ಕನೆಯದಕ್ಕೆ ಅರ್ಧ, ಆಮೇಲೆ ‘ಒಟ್ಟಿಗೆ ಹಾಕುತ್ತೇವೆ.’ ಸಂದೇಶಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅಕ್ಷರವೂ ಬದಲಾಗಿರಲಿಲ್ಲ. ಸಂಸ್ಥೆಗೆ ಹಣದ ಅಡಚಣೆ ಇದ್ದಿರಬಹುದೆಂದು ಅಲ್ಲಿಯವರೆಗೆ ನಂಬಿದ್ದ ನಾನು, ಅಂದಿನಿಂದ ಅದೊಂದು ವ್ಯವಸ್ಥೆಯೆಂದೇ ಭಾವಿಸಿದ್ದೇನೆ.

ಮಡಿಕೇರಿಯ ವಕೀಲರು ಮೊದಲು ಕೇಳಿದ್ದು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ಮಾಡಿಸುವ ನೋಂದಣಿ, ಇದೆಯೇ ಎಂದು. ಇರಲಿಲ್ಲ. 2006ರ ಸಣ್ಣ ಉದ್ಯಮಗಳ ಕಾಯ್ದೆಯ ಪ್ರಕಾರ, ನೋಂದಾಯಿತ ಸಣ್ಣ ಉದ್ಯಮಕ್ಕೆ, ಲಿಖಿತ ಒಪ್ಪಂದದಲ್ಲಿ ಏನೇ ಇದ್ದರೂ, 45 ದಿನ ಮೀರದಂತೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಆದರೆ ನೋಂದಣಿಗೆ ಮುಂಚಿನ ಕೆಲಸಕ್ಕೆ ಈ ಸೌಲಭ್ಯ ಸಿಗದೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ ನನಗೆ ಆ ದಾರಿ ಮುಚ್ಚಿಹೋಗಿತ್ತು. ಆಧಾರ್ ಮತ್ತು ಪ್ಯಾನ್ ಇದ್ದರೆ ಕಾಸಿಲ್ಲದೆ ಆಗುವ ಕೆಲಸವದು. ಬರೆದು ಸಂಪಾದಿಸುವವರು ದಯವಿಟ್ಟು ಇಂದೇ ಮಾಡಿಕೊಳ್ಳಿ.

ಉಳಿದದ್ದು ಸಾಮಾನ್ಯ ದಾವೆ. ಕೆಲಸ ಮಾಡಿಕೊಟ್ಟ ಮೂರು ವರ್ಷಗಳೊಳಗೆ ಹೂಡಬೇಕು. ಅಷ್ಟರೊಳಗೆ ಅವರು ಬಾಕಿಯನ್ನು ಲಿಖಿತವಾಗಿ ಒಪ್ಪಿಕೊಂಡರೆ ಅವಧಿ ಅಲ್ಲಿಂದ ಹೊಸದಾಗಿ ಎಣಿಕೆಯಾಗುತ್ತದೆ. ಆದ್ದರಿಂದ ಫೋನಿನಲ್ಲಿ ಮಾತಾಡಿ ಮುಗಿಸದೆ, ಇಷ್ಟು ಬಾಕಿ ಇದೆಯೆಂದು ಅವರ ಮೇಲ್‌ನಲ್ಲಿ ಬರೆಸಿಕೊಳ್ಳುವುದು ಮೇಲು. ಇನ್ನೊಂದು ಸಾಕ್ಷ್ಯ ನನಗೆ ಸಿಕ್ಕಿದ್ದು ನಮ್ಮ ಹೆಸರಿನಲ್ಲಿ ಯಾರು ಎಷ್ಟು ತೆರಿಗೆ ಕಟ್ಟಿದ್ದಾರೆಂದು ತೋರಿಸುವ, ಆದಾಯ ತೆರಿಗೆ ಜಾಲತಾಣದ ಫಾರ್ಮ್ 26ಎಎಸ್‌ನಲ್ಲಿ: ಅಕ್ಟೋಬರ್ ಬಿಲ್ಲಿನ 18,800 ರೂಪಾಯಿಯನ್ನು ನನ್ನ ಹೆಸರಿಗೆ ತೋರಿಸಿ, 1,880 ರೂಪಾಯಿ ಟಿಡಿಎಸ್ (ಹಣ ಕೊಡುವವರೇ ಮುರಿದುಕೊಂಡು ಕಟ್ಟುವ ತೆರಿಗೆ) ಕಟ್ಟಿದ್ದರು. ನನಗೆ ಕೊಡಲು ಮರೆತ ಹಣ ಅವರ ಲೆಕ್ಕದ ಪುಸ್ತಕಕ್ಕೆ ನೆನಪಿತ್ತು. ಸಹಿ ಮಾಡಿದ ಒಪ್ಪಂದವಿಲ್ಲದ್ದು ಒಂದು ಕಡೆ ಮಾತ್ರ ನೆರವಾಯಿತು: 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕನ್ನು ಲಿಖಿತವಾಗಿ ಬಿಟ್ಟುಕೊಡದಿದ್ದರೆ, ನೌಕರರಲ್ಲದೆ ಹೊರಗಿನಿಂದ ಬರೆದುಕೊಟ್ಟವರದೇ ಒಡೆತನ. ಹಣ ಕೊಡಿ, ಇಲ್ಲವೇ ಬರಹಗಳನ್ನು ತೆಗೆಯಿರಿ ಎಂದು ನೋಟಿಸಿನಲ್ಲಿ ಸೇರಿಸಿದೆವು. 2024ರ ಮಾರ್ಚಿನಲ್ಲಿ 20,000 ರೂಪಾಯಿ ಬಂತು, ಅದರ ಹಿಂದೆಯೇ ‘ಲೆಕ್ಕ ಚುಕ್ತಾ’ ಎಂದು ಸಹಿ ಮಾಡಿಕೊಡಿ ಎಂಬ ಪತ್ರವೂ ಬಂತು. ಸಹಿ ಮಾಡಲಿಲ್ಲ.

ಮೊನ್ನೆ ಕುಶಾಲನಗರದ ಯುವಕರೊಬ್ಬರು ಫೋನ್ ಮಾಡಿ, ತಮ್ಮ ಎರಡು ಬಿಲ್ಲು ಬಾಕಿಯಿರುವಾಗ ಅದೇ ಸಂಸ್ಥೆ ಮೂರನೆಯ ಕೆಲಸ ಕೊಟ್ಟಿದೆ, ಬಿಟ್ಟರೆ ಸಂಬಂಧ ಕೆಡುತ್ತದೇನೋ ಎಂದು ಕೇಳಿದರು. ಬರಹ ಸಿದ್ಧವಿದೆ, ಹಳೆಯ ಹಣ ಬಂದ ದಿನವೇ ಕಳುಹಿಸುತ್ತೇನೆ ಎಂದಷ್ಟೇ ಬರೆಯಿರಿ, ಜಗಳ ಬೇಡ ಎಂದೆ. ಎರಡು ದಿನದ ಮೇಲೆ ಒಂದು ಬಿಲ್ಲಿನ ಹಣ ಬಂದಿದೆಯೆಂದು ಸಂದೇಶ ಕಳುಹಿಸಿದ್ದಾರೆ. ಇನ್ನೊಂದು ಬಂದಿಲ್ಲ, ಬರಹ ಅವರ ಲ್ಯಾಪ್‌ಟಾಪಿನಲ್ಲೇ ಇದೆ.