ಟಾರ್ ರಿಲೇಗೆ ತಗೊಂಡ ಅಗ್ಗದ ವಿಪಿಎಸ್, ಮೂರು ತಿಂಗಳಾದ್ಮೇಲೆ

ಪುಣೆ ಕೋಥ್ರೂಡಲ್ಲಿ ಕೂತು ಯುರೋಪಿನ ಸಣ್ಣ ಕಂಪನಿ ಒಂದ್ರಲ್ಲಿ ವಿಪಿಎಸ್ (ಬಾಡಿಗೆ ವರ್ಚುವಲ್ ಸರ್ವರ್) ತಗೊಂಡೆ. ಟಾರ್ ಅಂದ್ರೆ ಬಳಸೋರ ಗುರುತು ಸಿಗದ ಹಾಗೆ ಟ್ರಾಫಿಕ್‌ನ ಸ್ವಯಂಸೇವಕರ ಸರ್ವರ್‌ಗಳ, ಅಂದ್ರೆ ರಿಲೇಗಳ, ಮೂಲಕ ದಾಟಿಸೋ ನೆಟ್‌ವರ್ಕ್. ನಂದು ಮಧ್ಯದಲ್ಲಿ ದಾಟಿಸೋ ಮಿಡಲ್ ರಿಲೇ ಅಷ್ಟೇ, ಟ್ರಾಫಿಕ್ ಇಂಟರ್ನೆಟ್‌ಗೆ ಹೊರಬೀಳೋ ಕೊನೇ ರಿಲೇ, ಅಂದ್ರೆ ಎಕ್ಸಿಟ್, ಓಡಿಸಿ ಬೇರೆಯವ್ರ ದುರ್ಬಳಕೆಯ ಅಬ್ಯೂಸ್ ಕಂಪ್ಲೇಂಟ್ ಮೈಮೇಲೆ ಎಳ್ಕೊಳೋ ಧೈರ್ಯ ನಂಗಿಲ್ಲ. ರ‍್ಯಾಮ್ 1 ಜಿಬಿ ಸಾಕು, ಪೆಟ್ಟು ಬೀಳೋದು ಟ್ರಾಫಿಕ್‌ನಲ್ಲಿ. ಟಾರ್‌ನವರು ಕೇಳೋ ಕನಿಷ್ಠ 10 ಎಂಬಿಪಿಎಸ್ ತಿಂಗಳಿಡೀ ಓಡಿದ್ರೆ ಒಂದ್ಕಡೆಗೇ 3 ಟಿಬಿ ದಾಟುತ್ತೆ, ಬರೋದು ಹೋಗೋದು ಸೇರಿ 6ರ ಮೇಲೆ. ಈ ವಿಪಿಎಸ್ ಕಂಪನಿಯವ್ರು ದಪ್ಪಕ್ಷರದಲ್ಲಿ 'ಅನ್‌ಲಿಮಿಟೆಡ್' ಅಂದಿದ್ರು, ಹನ್ನೆರಡನೇ ದಿನ ಬೆಳಿಗ್ಗೆ ಚಹಾ ಕುಡೀತಾ ಟ್ರಾಫಿಕ್ ಗ್ರಾಫ್ ನೋಡಿದ್ರೆ ಗೆರೆ ನೆಲಕ್ಕೆ ಮಲಗಿದೆ, ಟಿಕೆಟ್ ಹಾಕಿದ್ರೆ ಎರಡು ದಿನ ಉಸಿರಿಲ್ಲ, ಆಮೇಲೆ 'ಫೇರ್ ಯೂಸ್' ಅಂತ ಒಂದು ಲೈನ್, ಅಂದ್ರೆ ಜಾಸ್ತಿ ಬಳಸಿದ್ರೆ ಕಡಿವಾಣ. ಸರ್ವರ್ ಮಾತ್ರ ಒಂದಿನಾನೂ ಬಿದ್ದಿಲ್ಲ, ಅದಕ್ಕೆ ಐದರಲ್ಲಿ ಮೂರು. ತಗೊಳೋ ಮುಂಚೆ ರಿಲೇ ಓಡಿಸೋಕೆ ಬಿಡ್ತೀರಾ, ತಿಂಗಳಿಗೆ ಎಷ್ಟು ಟಿಬಿ ಅಂತ ಇಮೇಲಲ್ಲೇ ಬರೆಸ್ಕೊಳಿ.