ಊದಿದ ತೋಳಿಗೆ ಬ್ಯಾಂಡೇಜೋ, ಬಿಗಿ ಸ್ಲೀವೋ?

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದ ಮೇಲೆ ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಚಿಕ್ಕಮ್ಮನ ಬಲಗೈ ಊದಿಕೊಂಡಿತು. ಬಳೆ ಸಿಕ್ಕಿಕೊಂಡು ಚರ್ಮದಲ್ಲಿ ಗೆರೆ ಮೂಡಿತ್ತು. ಗ್ರಂಥಿಗಳು ಹೋದರೆ ದುಗ್ಧರಸ, ಅಂದರೆ ಅಂಗಾಂಶಗಳಿಂದ ಬಸಿದು ಹರಿಯುವ ದ್ರವ (ಲಿಂಫ್), ಸರಾಗವಾಗಿ ಸಾಗದೆ ತೋಳಲ್ಲಿ ನಿಲ್ಲಬಹುದು. ರಕ್ತಕ್ಕೆ ಹೃದಯವಿದೆ, ದುಗ್ಧರಸಕ್ಕೆ ಅಂಥ ಪಂಪ್ ಇಲ್ಲ. ನಾಳಗಳ ಮಿಡಿತ, ಸ್ನಾಯುಗಳ ಚಲನೆ, ಒಳಗಿನ ಕವಾಟಗಳೇ ಅದನ್ನು ಸಾಗಿಸಬೇಕು. ಹೊರಗಿನ ಒತ್ತಡ ಈ ಕೆಲಸಕ್ಕೆ ಆಸರೆ.

ಊತ ಹೆಚ್ಚಿದ್ದರೆ ಮೊದಲು ಪದರ ಪದರವಾಗಿ ಸುತ್ತುವ ಬ್ಯಾಂಡೇಜೇ ಸರಿ. ತೋಳು ಇಳಿದಂತೆಲ್ಲ ಹೊಸದಾಗಿ ಸುತ್ತಬಹುದು, ರಾತ್ರಿಯೂ ಇರುತ್ತದೆ. ಆದರೆ ಮುಂಬೈ ಸೆಕೆಯಲ್ಲಿ ಅದು ಹಿಂಸೆ. ಕಟ್ಟಲು ಪಳಗಿದ ಕೈ ಬೇಕು. ತೋಳಿನ ಅಳತೆಗೆ ತಕ್ಕ ಬಿಗಿ ಎಲಾಸ್ಟಿಕ್ ಸ್ಲೀವ್ ಊತ ಇಳಿದ ಮೇಲಿನದು: ಬೆಳಿಗ್ಗೆ ತೊಟ್ಟು ಲೋಕಲ್ ರೈಲು ಹತ್ತಬಹುದು, ಮಲಗುವಾಗ ತೆಗೆಯಬಹುದು. ಸುಮಾರು 6 ತಿಂಗಳಲ್ಲಿ ಅದರ ಹಿಡಿತ ಸಡಿಲವಾಗುತ್ತದೆ, ಹೊಸದು ಕೊಳ್ಳಬೇಕು. ಊದಿದ ಕೈಯ ಅಳತೆಗೇ ಅವಸರಪಟ್ಟು ಕೊಳ್ಳಬೇಡಿ.

ಕೈ ಕೆಂಪಾಗಿ ಜ್ವರ ಬಂದರೆ ಯಾವುದಿದ್ದರೂ ಬಿಚ್ಚಿ, ಅಂದೇ ವೈದ್ಯರಲ್ಲಿಗೆ ಹೋಗಿ.