ಮಳೆಯಲ್ಲಿ ನೆನೆಯುವ ನಾಯಿಗೆ ಉಣುಗಿನ ಮಾತ್ರೆ

ಶಿರಸಿ ಸೀಮೆಯ ತೋಟದ ಮನೆಗಳಲ್ಲಿ ನಾಯಿ ಸಾಕಿದವರಿಗೆ ಉಣುಗಿನ ಕಾಟವನ್ನು ಪರಿಚಯಿಸಬೇಕಾಗಿಲ್ಲ. ಸೊಪ್ಪಿನ ಬೆಟ್ಟಕ್ಕೆ ಹೋಗಿ ಬಂದ ನಾಯಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಅವು ಕಚ್ಚಿಕೊಂಡಿರುತ್ತವೆ. 14 ಕಿಲೋ ತೂಗುವ ನಮ್ಮ ಕಾಳುವಿಗೆ ಮೊದಲು ಬೆನ್ನಿಗೆ ಬಿಡುವ ಫಿಪ್ರೊನಿಲ್ ಹನಿಯನ್ನು ಬಳಸುತ್ತಿದ್ದೆ. ಒಂದು ವರ್ಷದಿಂದ ಬ್ರಾವೆಕ್ಟೊ ಎಂಬ ಹೆಸರಿನಲ್ಲಿ ಸಿಗುವ ಫ್ಲುರಲೇನರ್ ಮಾತ್ರೆಯನ್ನು ಕೊಡುತ್ತಿದ್ದೇನೆ.

ಹನಿ ಕೆಟ್ಟ ಔಷಧಿಯೇನಲ್ಲ. ಆದರೆ ಅದನ್ನು ಹಾಕುವ ಮೊದಲೂ ಹಾಕಿದ ಮೇಲೂ ಎರಡು ದಿನ ನಾಯಿ ನೆನೆಯಬಾರದು, ಮತ್ತು ಆಷಾಢದ ಮಳೆಯಲ್ಲಿ ತೋಟವೆಲ್ಲ ತಿರುಗುವ ನಾಯಿಯ ಮೈಯನ್ನು ನಾಲ್ಕು ದಿನ ಒಣಗಿಸಿಡುವುದು ನಮ್ಮಿಂದ ಆಗುವ ಕೆಲಸವಲ್ಲ. ಮಾತ್ರೆಗೆ ಮಳೆಯ, ಸ್ನಾನದ ಭಯವಿಲ್ಲ. 10ರಿಂದ 20 ಕಿಲೋ ತೂಕದ ನಾಯಿಗೆ 500 ಮಿಲಿಗ್ರಾಂ ಮಾತ್ರೆ. ಒಂದನ್ನು ಊಟದ ಜೊತೆ ಕೊಟ್ಟರೆ ಚಿಗಟಕ್ಕೂ ನಾಯಿಯ ಕಂದು ಉಣುಗಿಗೂ 12 ವಾರಗಳ ತಡೆ ಸಿಗುತ್ತದೆ.

ಮಾತ್ರೆ ಕೊಟ್ಟ ಮೇಲೂ ಕಾಳುವಿನ ಮೈಮೇಲೆ ಉಣುಗು ಹರಿದಾಡುವುದನ್ನು ಕಂಡು ಮೊದಲು ನಾನು ನಿರಾಶನಾಗಿದ್ದೆ. ಈ ಔಷಧಿ ರಕ್ತದ ಮೂಲಕ ಕೆಲಸ ಮಾಡುತ್ತದೆ. ಉಣುಗನ್ನು ದೂರ ಅಟ್ಟುವುದಿಲ್ಲ, ಕಚ್ಚಿದ ಮೇಲೆ ಕೊಲ್ಲುತ್ತದೆ ಎಂದು ಪಶುವೈದ್ಯರು ವಿವರಿಸಿದ ಮೇಲೆಯೇ ಸಮಾಧಾನವಾಯಿತು. ಆದ್ದರಿಂದ ಸಂಜೆ ನಾಯಿಯ ಮೈ ತಡವಿ ನೋಡುವ ರೂಢಿಯನ್ನು ಬಿಡಬಾರದು. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಬೇಕು; ಸೀಮೆಎಣ್ಣೆ ಸುರಿಯುವುದೂ ಬೆರಳಿನಿಂದ ಹಿಸುಕುವುದೂ ಅಪಾಯ.

ನಾಯಿಗೆ ಮಾತ್ರೆ ಕೊಟ್ಟರೆ ಮನೆಮಂದಿಗೆ ಮಂಗನ ಕಾಯಿಲೆಯಿಂದ ರಕ್ಷಣೆ ಸಿಕ್ಕಿತೆಂದು ಯಾರೂ ಭಾವಿಸಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟು ಇಂದು ನಮ್ಮ ಸಿದ್ದಾಪುರದ ಕಡೆಯೂ ಜೀವ ತೆಗೆಯುತ್ತಿರುವ ಆ ರೋಗವನ್ನು ಹರಡುವ ಕಾಡಿನ ಮರಿ ಉಣುಗುಗಳು, ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವಾಗ ನೇರವಾಗಿ ನಮ್ಮ ಮೈಗೇ ಹತ್ತುತ್ತವೆ.

ಮನೆಯೊಳಗಿನ ಕೆಲಸವೂ ಇದೆ. ಹೆಣ್ಣು ಕಂದು ಉಣುಗು ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಗೂಡಿನೊಳಗಿನ ಚಿಗಟದ ಕೋಶಗಳು ನೆಲದ ಸಂದಿಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತವೆ. ಕಾಳು ಮಲಗುವ ಗೋಣಿಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕತೊಡಗಿದ ಮೇಲೆಯೇ ಚಿಗಟ ನಿಜವಾಗಿ ಕಡಿಮೆಯಾಯಿತು.

ಫಿಟ್ಸ್ ಬರುವ ನಾಯಿಗಳ ವಿಷಯದಲ್ಲಿ ಎಚ್ಚರ ಬೇಕು. ಫ್ಲುರಲೇನರ್ ಸೇರಿರುವ ಐಸೊಕ್ಸಜೋಲಿನ್ ಎಂಬ ಗುಂಪಿನ ಔಷಧಿಗಳಿಂದ ಕೆಲವು ನಾಯಿಗಳಿಗೆ ನಡುಕ, ಸೆಳವು ಬರಬಹುದೆಂದು 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿದೆ; ಅಂಥ ಇತಿಹಾಸವಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. 8 ವಾರ ತುಂಬದ ಮರಿಗೂ 2 ಕಿಲೋಗಿಂತ ಹಗುರವಾದ ನಾಯಿಗೂ ಇದನ್ನು ಕೊಡುವಂತಿಲ್ಲ. ನಾಯಿಯ ಮಾತ್ರೆಯನ್ನು ಮುರಿದು ಬೆಕ್ಕಿಗೆ ಕೊಡುವುದಂತೂ ಸಲ್ಲದು. ಒಮ್ಮೆ ಒಂದು ಅಂಗಡಿಯಲ್ಲಿ ಬೆಕ್ಕಿಗೂ ಆಗುತ್ತದೆಂದು ಕೊಟ್ಟ ಪುಡಿಯ ಡಬ್ಬಿಯನ್ನು ಓದಿದಾಗ ಅದರಲ್ಲಿ ಪರ್ಮೆಥ್ರಿನ್ ಇತ್ತು. ಅದು ಬೆಕ್ಕಿನ ಪ್ರಾಣವನ್ನೇ ತೆಗೆಯಬಲ್ಲ ವಿಷ. ನಮ್ಮ ಬೆಕ್ಕು ಕಾಳುವಿನ ಮಗ್ಗುಲಲ್ಲೇ ಮಲಗುವುದರಿಂದ ಆ ಡಬ್ಬಿಯನ್ನು ಮನೆಗೆ ತರಲೇ ಇಲ್ಲ.

ಮಾತ್ರೆಗೆ ಒಂದೇ ಸಲಕ್ಕೆ ಕೊಡಬೇಕಾದ ಹಣ ಹನಿಗಿಂತ ಹೆಚ್ಚು. ಕಾರವಾರದ ಪೇಟೆಮನೆಯೊಳಗೇ ಇರುವ ನಾಯಿಗೆ ಹನಿ ಸಾಕಾದೀತು. ಬೆಟ್ಟ, ತೋಟ ತಿರುಗುವ ನಾಯಿಗೆ ನಾನು ಈ ಮಾತ್ರೆಯನ್ನೇ ಕೊಡುತ್ತೇನೆ.